ತಟ್ಟೆಯಲ್ಲಿಯೂ ಅಕ್ಕಡಿ ಸಾಲಿರಲಿ

ಹೊಸದಾಗಿ ಸಸ್ಯಾಹಾರವನ್ನು ಕೈಗೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ತರುಣ ತರುಣಿಯರಿಗೆ ಒಂದು ಬಹಿರಂಗ ಪತ್ರ

ಮಾಗಡಿ,
ಶ್ರಾವಣ ಬಹುಳ ದಶಮಿ

ಪ್ರಿಯ ಕಿರಿಯ ಬಂಧುಗಳೇ,

ಶ್ರಾವಣ ಮಾಸವು ಮುಗಿಯುತ್ತ ಬಂದಿದೆ. ತಿಂಗಳುಪರ್ಯಂತ ಬಾಡಿನ ಘಮಲಿಲ್ಲದೆ ಇದ್ದ ನಮ್ಮ ಸೀಮೆಯ ಅಡುಗೆಮನೆಗಳಲ್ಲಿ, ಗೌರಿಗಣೇಶನ ಹಬ್ಬ ಕಳೆದೊಡನೆ ಒಲೆಯ ಮೇಲಿನ ಪಾತ್ರೆ ಬದಲಾಗುವುದು ವಾಡಿಕೆ. ಆದರೆ ಈಚಿನ ಕೆಲವು ವರ್ಷಗಳಿಂದ ನಾನೊಂದು ಹೊಸ ಸಂಗತಿಯನ್ನು ಗಮನಿಸುತ್ತಿದ್ದೇನೆ. ಶ್ರಾವಣದ ನೇಮಕ್ಕೆಂದೋ, ಅಯ್ಯಪ್ಪನ ಮಾಲೆ ಧರಿಸಿದ ನಲವತ್ತೊಂದು ದಿನಗಳ ವ್ರತಕ್ಕೆಂದೋ ಮಾಂಸವನ್ನು ತ್ಯಜಿಸಿದವರಲ್ಲಿ ಕೆಲವರು ಅವಧಿ ತೀರಿದ ಮೇಲೂ ಅದರ ಕಡೆಗೆ ತಿರುಗದೆ ಉಳಿದುಬಿಡುತ್ತಾರೆ. ಮತ್ತೆ ಕೆಲವರು ಯಾವ ವ್ರತದ ನೆಪವೂ ಇಲ್ಲದೆ, ಪ್ರಾಣಿದಯೆಯಿಂದಲೋ, ವೈದ್ಯರ ಮಾತಿನಿಂದಲೋ, ಬೆಂಗಳೂರಿನ ಸ್ನೇಹಿತರ ಸಹವಾಸದಿಂದಲೋ, ಅಥವಾ ತಮಗೇ ಸ್ಪಷ್ಟವಾಗಿ ಹೇಳಲಾಗದ ಯಾವುದೋ ಅಂತಃಪ್ರೇರಣೆಯಿಂದಲೋ “ಬಾಡು ಬಿಟ್ಟಿದ್ದೇನೆ” ಎಂದು ಮನೆಯಲ್ಲಿ ತಿಳಿಸಿ ತಾಯಂದಿರನ್ನು ಚಿಂತೆಗೀಡುಮಾಡಿರುತ್ತಾರೆ. ಅಂಥ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಿಮ್ಮ ನಿರ್ಧಾರಕ್ಕೆ ಕಾರಣವೇನೆಂದು ನಾನು ಕೇಳುವುದಿಲ್ಲ. ಅದನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಲೇಖನಿಯನ್ನು ಕೈಗೆತ್ತಿಕೊಂಡವನೂ ನಾನಲ್ಲ. ಉಣ್ಣುವವನ ಮನಸ್ಸಾಕ್ಷಿ ಉಣ್ಣುವವನದು. ನೀವು ಬಿಟ್ಟದ್ದೇನೆಂಬುದು ಊರಿಗೆಲ್ಲ ತಿಳಿದಿದೆ. ಬಿಟ್ಟ ಜಾಗದಲ್ಲಿ ಏನನ್ನು ಇಟ್ಟಿರೆಂಬುದನ್ನು ಮಾತ್ರ ಯಾರೂ ಕೇಳಿದಂತೆ ಕಾಣಲಿಲ್ಲ. ಅದನ್ನು ಕೇಳುವುದಕ್ಕೆ ನನಗೊಂದು ಅಧಿಕಾರವಿದೆಯೆಂದು ಭಾವಿಸಿದ್ದೇನೆ. ಅದು ವೈದ್ಯನ ಅಧಿಕಾರವಲ್ಲ, ತಪ್ಪು ಮಾಡಿ ಕಲಿತವನ ಅಧಿಕಾರ.

ಮೂವತ್ತೈದು ವರ್ಷಗಳ ಹಿಂದೆ ನಾನು ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಆ ವರ್ಷದ ಹೊಸತೊಡಕಿಗೆಂದು ಮನೆಯಲ್ಲಿ ಸಾಕಿದ್ದ ಟಗರು ನನ್ನ ಕೈಯಿಂದಲೇ ಮೇವು ತಿಂದು ಬೆಳೆದಿತ್ತು. ಯುಗಾದಿಯ ಮರುದಿನ ಎಲೆಯ ಮುಂದೆ ಕುಳಿತ ನನಗೆ ತುತ್ತು ಇಳಿಯಲಿಲ್ಲ. ಅಂದಿನಿಂದ ಮಾಂಸವನ್ನು ಬಿಟ್ಟೆ. ಶಾಲೆಯ ಊರಿನಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಒಬ್ಬನೇ ಇದ್ದವನು, ಸೀಮೆಎಣ್ಣೆಯ ಸ್ಟೌವಿನ ಮೇಲೆ ಅನ್ನವನ್ನೂ ತಿಳಿಸಾರನ್ನೂ ಬೇಯಿಸಿಕೊಂಡು, ಹಪ್ಪಳವನ್ನು ಸುಟ್ಟು, ಉಪ್ಪಿನಕಾಯಿಯನ್ನು ನೆಂಚಿಕೊಂಡು, ಊಟ ಮುಗಿದ ಕೂಡಲೇ ಒಂದು ಲೋಟ ಕಾಫಿ ಕುಡಿದು, ಇದೇ ಸಾತ್ವಿಕ ಜೀವನವೆಂದು ಸಂತೋಷಪಟ್ಟುಕೊಂಡಿದ್ದೆ. ಊರಿನವರು ಹಾಲನ್ನೆಲ್ಲ ಡೈರಿಗೆ ಹಾಕುತ್ತಿದ್ದುದರಿಂದ ನನ್ನ ಕಾಫಿಗೆ ಬೀಳುತ್ತಿದ್ದುದು ಎರಡು ಚಮಚ ಹಾಲು ಮಾತ್ರ. ಸೊಪ್ಪನ್ನು ಬಿಡಿಸುವುದಕ್ಕೆ ಬೇಸರ. ಕಾಳನ್ನು ನೆನೆಹಾಕುವುದಕ್ಕೆ ಮರೆವು. ಮುದ್ದೆ ತೊಳಸುವುದಕ್ಕೆ ಕೈ ಬಾರದು. ಹೀಗೆ ಮೂರು ವರ್ಷಗಳು ಕಳೆದುವು.

ನಾಲ್ಕನೆಯ ವರ್ಷ ಪಾದಗಳು ಜೋಮು ಹಿಡಿದಂತಾಗತೊಡಗಿದುವು. ನಾಲಗೆ ನುಣುಪಾಗಿ, ಕೆಂಪಾಗಿ, ಸಾರಿನ ಖಾರವನ್ನೇ ಸಹಿಸದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಸೀಮೆಸುಣ್ಣವು ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಅದನ್ನು ಕಂಡು ನಕ್ಕ ಮಕ್ಕಳ ಮೇಲೆ ವಿನಾಕಾರಣ ರೇಗಿದೆ. ಮೊದಲು ಕಂಡ ವೈದ್ಯರೊಬ್ಬರು ನರದೌರ್ಬಲ್ಯವೆಂದು ಟಾನಿಕ್ಕನ್ನು ಬರೆದುಕೊಟ್ಟರು, ಆರು ತಿಂಗಳ ಬಳಿಕ ಬೆಂಗಳೂರಿನಲ್ಲಿ ಕಂಡ ಮತ್ತೊಬ್ಬರು ನಾಡಿಯನ್ನು ಹಿಡಿಯುವುದಕ್ಕೆ ಮುಂಚೆಯೇ “ಏನು ಊಟ ಮಾಡುತ್ತೀರಿ, ಮೇಷ್ಟ್ರೇ?” ಎಂದು ಕೇಳಿದರು. ರಕ್ತಪರೀಕ್ಷೆಯಾಯಿತು. ಬಿ12 ಎಂಬ ಜೀವಸತ್ವವು ನನ್ನ ಮೈಯಲ್ಲಿ ಬತ್ತಿಹೋಗಿತ್ತು, ರಕ್ತವೂ ಸಾಲದಾಗಿತ್ತು. ಸೂಜಿಮದ್ದುಗಳಿಂದ ಚೇತರಿಸಿಕೊಳ್ಳಲು ಅನೇಕ ತಿಂಗಳುಗಳು ಬೇಕಾದುವು.

ಸುದ್ದಿ ತಿಳಿದು ನನ್ನ ತಾಯಿ ಊರಿನಿಂದ ಬಂದರು. ಕೋಣೆಯ ಮೂಲೆಯಲ್ಲಿದ್ದ ಅಕ್ಕಿಯ ಚೀಲವನ್ನೂ ಹಪ್ಪಳದ ಡಬ್ಬಿಯನ್ನೂ ಒಂದು ಸಲ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆಗೆ ತಿರುಗಿ ಹೇಳಿದ ಮಾತು ಇದು: “ಬಾಡು ಬುಟ್ಟೆ, ಬುಡು, ಅದು ನಿನ್ ಮನಸ್ಸು. ಕಾಳು ಯಾಕ್ ಬುಟ್ಟೆ ಮಗಾ? ಸೊಪ್ಪು ಯಾಕ್ ಬುಟ್ಟೆ?” ಬಿ.ಎಡ್. ಪದವಿಯನ್ನು ಪಡೆದಿದ್ದ ನನಗೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಸೂಜಿಮದ್ದು ಒಂದು ಕೊರತೆಯನ್ನು ತುಂಬಿತು. ಮಿಕ್ಕವನ್ನೆಲ್ಲ ತುಂಬಿದುದು ಅಂದಿನ ಸಂಜೆ ಆಕೆ ಅದೇ ಸ್ಟೌವಿನ ಮೇಲೆ ಇಟ್ಟ ಬಸ್ಸಾರು.

ಪ್ರಿಯರೇ, ನೀವೆಲ್ಲರೂ ರೇಷ್ಮೆಹುಳುವನ್ನು ಬಲ್ಲಿರಿ. ನಮ್ಮ ಮನೆಗಳಲ್ಲಿ ಎಷ್ಟೋ ಮಕ್ಕಳ ಶಾಲೆಯ ಶುಲ್ಕವನ್ನು ತೆತ್ತುದು ರಾಮನಗರದ ಗೂಡಿನ ಮಾರುಕಟ್ಟೆ. ಆ ಹುಳು ಹಿಪ್ಪುನೇರಳೆಯ ಸೊಪ್ಪೊಂದನ್ನೇ ತಿಂದು, ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯನ್ನೇರಿ, ತನ್ನ ಮೈಯಿಂದ ರೇಷ್ಮೆಯ ಎಳೆಯನ್ನು ತೆಗೆಯುತ್ತದೆ. ಒಂದೇ ಎಲೆಯಲ್ಲಿ ತನಗೆ ಬೇಕಾದುದೆಲ್ಲವನ್ನೂ ಪಡೆಯುವ ವಿದ್ಯೆಯನ್ನು ಸೃಷ್ಟಿಯು ಅದಕ್ಕೆ ಕೊಟ್ಟಿದೆ, ಮನುಷ್ಯನಿಗೆ ಕೊಟ್ಟಿಲ್ಲ. ಅನ್ನವೊಂದನ್ನೇ, ತಿಳಿಸಾರೊಂದನ್ನೇ ನೆಚ್ಚಿ ಬದುಕಹೊರಟ ನಾನು ಮನುಷ್ಯನಾಗಿದ್ದೂ ಹುಳುವಿನ ಊಟವನ್ನು ಉಂಡೆ. ಹೊಸದಾಗಿ ಸಸ್ಯಾಹಾರಿಗಳಾದವರಲ್ಲಿ ಹಲವರು ಈ ತಪ್ಪನ್ನೇ ಮಾಡುತ್ತಿರುವುದನ್ನು ಕಾಣುತ್ತಿದ್ದೇನೆ. ಗೆಳೆಯರು ನಿಮ್ಮನ್ನು “ಪುಳಿಚಾರು” ಎಂದು ಹಾಸ್ಯ ಮಾಡುತ್ತಾರಲ್ಲವೆ? ಹಾಸ್ಯವನ್ನು ಕ್ಷಮಿಸಿಬಿಡಿ, ಆದರೆ ನಿಮ್ಮ ಊಟವು ನಿಜವಾಗಿಯೂ ಪುಳಿಚಾರಿನಲ್ಲಿಯೇ ಮುಗಿಯುತ್ತಿದ್ದರೆ ಅದರಲ್ಲಿರುವ ಎಚ್ಚರಿಕೆಯನ್ನು ಬಿಡಬೇಡಿ.

ಹುಳುವಿನ ಮನೆಯಿಂದ ಹೊರಗೆ ಬಂದು ಹೊಲವನ್ನು ನೋಡೋಣ. ನಮ್ಮ ಹಿರಿಯರು ಮಳೆ ಹದವಾದಾಗ ರಾಗಿಯನ್ನು ಬಿತ್ತುವಾಗ, ಆರೆಂಟು ಸಾಲಿಗೊಮ್ಮೆ ಕೂರಿಗೆಯ ಪಕ್ಕದಲ್ಲಿ ಬೇರೊಂದು ಸಾಲನ್ನು ಬಿಡುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿನಲ್ಲಿ ಸಾಸಿವೆ, ಒಂದಿಷ್ಟು ಜೋಳ. ಅದರ ಹೆಸರು ಅಕ್ಕಡಿ ಸಾಲು. ರಾಗಿಯು ಕೊಯ್ಲಾದ ಮೇಲೆ ಅವರೆಯು ಮಂಜಿನಲ್ಲಿ ಹೂಬಿಟ್ಟು, ಕಾಯಿ ಕಟ್ಟಿ, ಸೊಗಡು ತುಂಬಿಕೊಂಡು ನಿಲ್ಲುತ್ತಿತ್ತು. ಮಾಗಡಿಯ ಸೊಗಡವರೆಗಾಗಿ ಇಂದಿಗೂ ಬೆಂಗಳೂರಿನವರು ಬಾಯಿ ಚಪ್ಪರಿಸುತ್ತಾರಷ್ಟೆ. ಒಂದು ಪೈರು ಸೋತರೆ ಇನ್ನೊಂದು ಕೈಹಿಡಿಯಲೆಂದು ಮಾಡಿದ ಏರ್ಪಾಡು ಅದು. ಕಾಳಿನ ಬೇರು ಮಣ್ಣಿಗೆ ಸಾರಜನಕವನ್ನು ಕೂಡಿಸುವುದರಿಂದ ಭೂಮಿಗೂ ಹಿತ. ಧಾನ್ಯ, ಕಾಳು, ಎಣ್ಣೆಯ ಬೀಜ, ಇವುಗಳ ನಡುವೆ ತಾನಾಗಿ ಹುಟ್ಟುವ ಬೆರಕೆ ಸೊಪ್ಪು: ಪೋಷಣಶಾಸ್ತ್ರವು ಇಂದು ಪಟಗಳಲ್ಲಿ ಬರೆದು ತೋರಿಸುವ ಸಮತೋಲಿತ ಆಹಾರವನ್ನು ಅವರು ನೇಗಿಲಿನಿಂದ ನೆಲದ ಮೇಲೆ ಬರೆದಿದ್ದರು. ನನ್ನ ಬಿನ್ನಹವಿಷ್ಟೆ: ಆ ಅಕ್ಕಡಿ ಸಾಲು ನಿಮ್ಮ ತಟ್ಟೆಯಲ್ಲಿಯೂ ಇರಲಿ.

“ನಮ್ಮ ತಾತ ಮುತ್ತಾತಂದಿರು ಬಾಡು ತಿಂದೇ ಗಟ್ಟಿಯಾಗಿದ್ದರು” ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಅವರೊಡನೆ ವಾದ ಮಾಡದೆ, ವರ್ಷಕ್ಕೆ ಎಷ್ಟು ದಿನ ತಿನ್ನುತ್ತಿದ್ದರೆಂದು ವಿನಯದಿಂದ ವಿಚಾರಿಸಿ. ನನ್ನ ಬಾಲ್ಯದಲ್ಲಿ ಬಾಡೂಟವೆಂದರೆ ಹೊಸತೊಡಕು, ಮಾರಮ್ಮನ ಹಬ್ಬ, ಪಿತೃಪಕ್ಷದ ಎಡೆ, ಮನೆಗೆ ಬೀಗರು ಬಂದ ದಿನ, ಇಷ್ಟೇ. ಸೋಮವಾರ ಶಿವನದು, ಶನಿವಾರ ತಿಮ್ಮಪ್ಪನದು, ಶ್ರಾವಣ ಪೂರ್ತಿ ದೇವರದು. ಮಿಕ್ಕ ದಿನಗಳಲ್ಲಿ ಕೈಯಲ್ಲಿ ಕಾಸು ಇರಲಿಲ್ಲ. ಹೀಗಾಗಿ ನಮ್ಮ ಹಿರಿಯರು ಹೆಸರಿಗೆ ಮಾಂಸಾಹಾರಿಗಳಾಗಿದ್ದೂ ವರ್ಷದ ಹೆಚ್ಚು ದಿನಗಳನ್ನು ಕಾಳು-ಸೊಪ್ಪು-ಮುದ್ದೆಗಳ ಬಲದಿಂದಲೇ ದೂಡಿದವರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯ ಮಠದಲ್ಲಿ ದಶಕಗಳ ಕಾಲ ನಡೆಸಿದ ದಾಸೋಹದಲ್ಲಿ ಸಹಸ್ರಾರು ಬಡ ವಿದ್ಯಾರ್ಥಿಗಳು ಮುದ್ದೆ-ಸಾರು ಉಂಡು ಓದಿ ಬೆಳೆದರು. ರಾಮನಗರ ತಾಲ್ಲೂಕಿನ ಬಾನಂದೂರಿನಲ್ಲಿ ಹುಟ್ಟಿದ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಆದಿಚುಂಚನಗಿರಿಯ ಅನ್ನದಾಸೋಹವು ಯಾತ್ರಿಕರ ಹಸಿವನ್ನು ತಣಿಸಿತು. ಸಸ್ಯಾಹಾರದಿಂದ ಮಕ್ಕಳು ಬೆಳೆಯಬಲ್ಲರೆ ಎಂಬ ಸಂಶಯಕ್ಕೆ ನಮ್ಮ ಜಿಲ್ಲೆಯ ಮಣ್ಣಿನ ಮಕ್ಕಳೇ ಹೀಗೆ ಉತ್ತರ ಕೊಟ್ಟಿದ್ದಾರೆ.

ಆದರೆ ಶ್ರದ್ಧೆಯು ತಿಳಿವಳಿಕೆಯ ಸ್ಥಾನವನ್ನು ತುಂಬಲಾರದು. ಆದುದರಿಂದ ಸ್ವಲ್ಪ ಶಾಸ್ತ್ರವನ್ನೂ ಕೇಳಿ. ಸಾಧಾರಣ ಕೆಲಸ ಮಾಡುವ ಆರೋಗ್ಯವಂತರಿಗೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೇಳುತ್ತದೆ. ಅರವತ್ತು ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ರಾಗಿಯಲ್ಲಿಯೂ ಅಕ್ಕಿಯಲ್ಲಿಯೂ ನೂರು ಗ್ರಾಮಿಗೆ ಏಳೆಂಟು ಗ್ರಾಂ ಮಾತ್ರ ಪ್ರೋಟೀನು ಇರುತ್ತದೆ. ಹುರುಳಿ, ಅವರೆ, ತೊಗರಿ, ಹೆಸರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಇಷ್ಟೇ ಅಲ್ಲ. ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಘಟಕ ಕಡಮೆ, ಕಾಳಿನಲ್ಲಿ ಅದು ಧಾರಾಳ; ಕಾಳಿನಲ್ಲಿ ಕಡಮೆಯಾದ ಮೆಥಿಯೋನೀನನ್ನು ಧಾನ್ಯವು ಒದಗಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡನ್ನೂ ಒಂದೇ ದಿನ ಉಂಡವನಿಗೆ ಮಾಂಸದ ಪ್ರೋಟೀನಿಗೆ ಸಮೀಪವಾದುದು ದೊರೆಯುತ್ತದೆ. ಮುದ್ದೆ ಮತ್ತು ಹುರುಳಿಕಾಳಿನ ಸಾರು, ಅನ್ನ ಮತ್ತು ಹಿತಕಿದ ಬೇಳೆ, ಅಕ್ಕಿ-ಉದ್ದು ಹುದುಗಿಸಿದ ಬಿಡದಿಯ ತಟ್ಟೆ ಇಡ್ಲಿ, ಇವೆಲ್ಲ ಈ ದಾಂಪತ್ಯದ ಬೇರೆ ಬೇರೆ ರೂಪಗಳು.

ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪನ್ನೂ ಕಾಳನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿತುರಿ, ಹುಣಿಸೆ, ಒಂದು ಹಿಡಿ ಬೆಂದ ಕಾಳು, ಇವನ್ನು ಅರೆದು ಆ ಕಟ್ಟಿಗೆ ಕೂಡಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪನ್ನು ಬೇಯಿಸಿದ ನೀರಿನಲ್ಲಿ ಅನೇಕ ಜೀವಸತ್ವಗಳು ಕರಗಿಹೋಗುತ್ತವೆ. ಆ ನೀರನ್ನು ಚೆಲ್ಲುವ ಅಡುಗೆ ಅರ್ಧ ಅಡುಗೆ. ನಮ್ಮ ಹೆಂಗಸರು ಜೀವಸತ್ವವೆಂಬ ಶಬ್ದವನ್ನು ಕೇಳುವುದಕ್ಕೆ ಎಷ್ಟೋ ಮುಂಚೆಯೇ ಆ ಕಟ್ಟಿಗೆ ಮುದ್ದೆಯ ಪಕ್ಕದಲ್ಲಿ ಗೌರವದ ಸ್ಥಾನವನ್ನು ಕೊಟ್ಟಿದ್ದರು. ಅದೇ ಕಟ್ಟಿಗೆ ಉಪ್ಪು ಬೆರೆಸಿ, ಅರೆದ ಖಾರವನ್ನು ಬೇರೆಯಾಗಿಟ್ಟುಕೊಂಡರೆ ಉಪ್ಪೆಸರು. ಬೆಂದ ಸೊಪ್ಪನ್ನು ಮಸೆದರೆ ಮಸೊಪ್ಪು. ಒಲೆಗೆ ಹೊಸಬರಾದವರಿಗೆ ಇದಕ್ಕಿಂತ ಸುಲಭವಾದ, ಇದಕ್ಕಿಂತ ಪೂರ್ಣವಾದ ಪಾಠ ಬೇರೊಂದಿಲ್ಲ.

ಇನ್ನು ರಾಗಿ. ನೂರು ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಹತ್ತು ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದುದು 1000. ಹಿಡಿಗಾತ್ರದ ಒಂದು ಮುದ್ದೆ, ಒಂದಿಷ್ಟು ನುಗ್ಗೆಸೊಪ್ಪು, ಎರಡು ಲೋಟ ಹಾಲು ಅಥವಾ ಮಜ್ಜಿಗೆ ಸೇರಿದರೆ ಮೂಳೆಯ ಲೆಕ್ಕ ಬಹುಮಟ್ಟಿಗೆ ಮುಗಿಯಿತು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ರಾಗಿ-ಅಕ್ಕಿಗಳು ತಮ್ಮಲ್ಲಿ ಯಾರು ಹೆಚ್ಚೆಂದು ರಾಮನ ಮುಂದೆ ವ್ಯಾಜ್ಯ ಹೂಡಿದ ಕಥೆಯು ನಿಮಗೆ ತಿಳಿದಿದೆ. ರಾಮನ ಹೆಸರಿನ ಊರಿನವರಾದ ನಾವು ರಾಗಿಯ ಪರವಾಗಿ ಬಂದ ಆ ತೀರ್ಪನ್ನು ಮರೆತು, ಬಿಳಿಯನ್ನ ಉಣ್ಣುವುದನ್ನೇ ಅಂತಸ್ತಿನ ಲಕ್ಷಣವೆಂದು ಎಣಿಸತೊಡಗಿದೆವು. ಮುದ್ದೆ ಕಟ್ಟಲು ಬಾರದವರು ರೊಟ್ಟಿ ತಟ್ಟಿರಿ, ಅಂಬಲಿ ಕಾಯಿಸಿರಿ, ಮೊಳಕೆ ಬರಿಸಿ ಒಣಗಿಸಿದ ರಾಗಿಯ ಸರಿಯನ್ನು ಮಾಡಿಕೊಳ್ಳಿರಿ. ಕಾಳನ್ನೂ ರಾಗಿಯನ್ನೂ ಮೊಳಕೆ ಕಟ್ಟಿದಾಗ ಅವುಗಳಲ್ಲಿ ಕಬ್ಬಿಣವನ್ನು ಬಂಧಿಸಿಟ್ಟಿರುವ ಫೈಟೇಟು ಸಡಿಲವಾಗಿ, ಆ ಕಬ್ಬಿಣವು ಮೈಗೆ ಹೆಚ್ಚು ದಕ್ಕುತ್ತದೆ.

ಕಬ್ಬಿಣದ ವಿಷಯದಲ್ಲಿ ತರುಣಿಯರಾದ ನಿಮ್ಮನ್ನು ಪ್ರತ್ಯೇಕವಾಗಿ ಉದ್ದೇಶಿಸಿ ಎರಡು ಮಾತು ಹೇಳಬೇಕಾಗಿದೆ. ಪುರುಷರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣವು ಸಾಕಾದರೆ ನಿಮಗೆ 29 ಬೇಕು; ಆದರೆ ನಮ್ಮ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದು ಹೆಂಗಸರ ಪಾಲಾಗುತ್ತದೆ. ಸಸ್ಯಗಳಲ್ಲಿರುವ ಕಬ್ಬಿಣವು ಮಾಂಸದಲ್ಲಿರುವುದರಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಹುಳಿಹಣ್ಣುಗಳ ಸಿ ಜೀವಸತ್ವವು ಅದಕ್ಕೆ ದಾರಿ ಮಾಡಿಕೊಡುತ್ತದೆ, ಕಾಫಿ-ಟೀಗಳ ಒಗರು ದಾರಿಗೆ ಅಡ್ಡ ನಿಲ್ಲುತ್ತದೆ. ಆದುದರಿಂದ ಕೋಸಂಬರಿಗೆ ನಿಂಬೆ ಹಿಂಡುವುದನ್ನೂ, ಊಟದ ಜೊತೆಗೆ ನೆಲ್ಲಿಕಾಯಿಯನ್ನೋ ಸೀಬೆಯನ್ನೋ ಒಂದು ಹೋಳು ತಿನ್ನುವುದನ್ನೂ ರೂಢಿಮಾಡಿಕೊಳ್ಳಿ; ಕಾಫಿಯು ಊಟಕ್ಕಿಂತ ಒಂದು ಗಂಟೆಯಾದರೂ ದೂರವಿರಲಿ. ನನ್ನ ಊಟದ ಮೇಲಿನ ಆ ಒಂದು ಲೋಟ ಕಾಫಿಯು ಇದ್ದ ಅಲ್ಪಸ್ವಲ್ಪ ಕಬ್ಬಿಣವನ್ನೂ ಹೇಗೆ ತಡೆಯುತ್ತಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಈಗ ಹೇಳುತ್ತೇನೆ. ಬಿ12 ಜೀವಸತ್ವವು ಯಾವ ಕಾಳಿನಲ್ಲಿಯೂ, ಯಾವ ಸೊಪ್ಪಿನಲ್ಲಿಯೂ, ಯಾವ ಹಣ್ಣಿನಲ್ಲಿಯೂ ನೆಚ್ಚತಕ್ಕಷ್ಟು ಇರುವುದಿಲ್ಲ. ಮಾಂಸವನ್ನು ಬಿಟ್ಟವರಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಲ್ಲಿ. ಮೊಟ್ಟೆಗೆ ಅಡ್ಡಿಯಿಲ್ಲವೆನ್ನುವವರಿಗೆ ಮೊಟ್ಟೆಯಲ್ಲಿ. ದಿನಕ್ಕೆ ಬೇಕಾದುದು 2.2 ಮೈಕ್ರೋಗ್ರಾಂ, ಎಂದರೆ ಸಾಸಿವೆಯ ಕಾಳಿಗೆ ಹೋಲಿಸಿದರೂ ಇಲ್ಲವೆನ್ನುವಷ್ಟು ಅಲ್ಪ. ಆದರೆ ಆ ಅಲ್ಪವು ತಪ್ಪಿದರೆ ರಕ್ತವೂ ನರಗಳೂ ಕೆಡುತ್ತವೆ. ಯಕೃತ್ತಿನಲ್ಲಿ ಅದರ ಹಳೆಯ ದಾಸ್ತಾನು ಕೆಲವು ವರ್ಷಗಳವರೆಗೆ ಇರುವುದರಿಂದ ಮೊದಲು ಏನೂ ತಿಳಿಯುವುದಿಲ್ಲ. ಹಗೇವಿನ ರಾಗಿ ತಳ ಕಂಡಾಗಲೇ ಮನೆಯವರಿಗೆ ಎಚ್ಚರವಾಗುವಂತೆ, ಕಾಲು ಜೋಮು ಹಿಡಿದ ಮೇಲೆ ಎಚ್ಚರವಾಗುತ್ತದೆ. ನಿಮ್ಮ ಊರಿನ ಡೈರಿಯಲ್ಲಿ ಬೆಳಗ್ಗೆ ಸಂಜೆ ಕ್ಯಾನುಗಟ್ಟಲೆ ಹಾಲು ಸೇರುತ್ತದೆ. ಹಾಲು ಕರೆಯುವ ಮನೆಯ ಮಗುವಿಗೆ ಮಾತ್ರ ಬಣ್ಣಕ್ಕೆ ಬೇಕಾದಷ್ಟು ಹಾಲಿನ ಟೀ. ಹಾಲಿನ ದುಡ್ಡಿನಿಂದ ಮನೆ ನಡೆಯುವುದನ್ನು ನಾನು ಬಲ್ಲೆ. ಹಾಗಿದ್ದರೂ ತಲೆಗೆ ಅರ್ಧ ಲೀಟರಿನಷ್ಟಾದರೂ ಹಾಲು-ಮೊಸರು ಮನೆಯಲ್ಲಿ ಉಳಿಯಬೇಕು. ಆಗ ಬಿ12ರ ಬಹುಪಾಲು ಅಲ್ಲಿಯೇ ದೊರೆಯುತ್ತದೆ. ಹಾಲನ್ನೂ ಒಲ್ಲೆವೆನ್ನುವವರು ವೈದ್ಯರನ್ನು ಕಂಡು ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಈ ಒಂದು ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಇಷ್ಟನ್ನು ಅಳತೆಗೆ ಇಳಿಸುವುದಾದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿರುವ ದಿನದ ತಟ್ಟೆಯನ್ನು ನೋಡಿ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಾಲು 300 ಮಿಲಿಲೀಟರ್, ಹಣ್ಣು 100 ಗ್ರಾಂ, ಎಣ್ಣೆಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಕಲ್ಲುಗಣಿಯಲ್ಲಿಯೋ ಹೊಲದಲ್ಲಿಯೋ ಬೆವರು ಸುರಿಸುವವರಿಗೆ ಇನ್ನೂ ಹೆಚ್ಚು ಬೇಕು. ಅಂಕಿಗಳಿಂದ ಹೆದರಬೇಡಿ, ತಕ್ಕಡಿಯನ್ನೂ ಕೊಳ್ಳಬೇಡಿ. ಒಣಕಾಳು ದಿನಕ್ಕೆ ಎರಡು ಹಿಡಿ. ತಟ್ಟೆಯ ಅರ್ಧ ಸೊಪ್ಪು-ತರಕಾರಿ-ಹಣ್ಣು. ಒಂದು ಹಿಡಿ ಕಡಲೆಕಾಯಿ ಅಥವಾ ಎಳ್ಳು-ಹುಚ್ಚೆಳ್ಳಿನ ಚಟ್ನಿಪುಡಿ. ಮಿಕ್ಕ ಜಾಗ ಮುದ್ದೆಗೂ ಅನ್ನಕ್ಕೂ. ನಾವು ಸಾಮಾನ್ಯವಾಗಿ ಉಣ್ಣುವ ಊಟವನ್ನು ಇದರ ಪಕ್ಕದಲ್ಲಿಟ್ಟರೆ ಅನ್ನವು ಮಿತಿಮೀರಿ, ಕಾಳು-ಸೊಪ್ಪು ಅಲಂಕಾರಮಾತ್ರವಾಗಿರುವುದು ಎದ್ದು ಕಾಣುತ್ತದೆ.

ಈಗ ನನ್ನ ಕೋರಿಕೆಗಳು.

ಮೊದಲನೆಯದಾಗಿ, ಒಮ್ಮೆಗೇ ಎಲ್ಲವನ್ನೂ ಬದಲಿಸಹೋಗಬೇಡಿ. ಮೊದಲ ವಾರ ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಕಾಳನ್ನು ನೆನೆಹಾಕುವ ಅಭ್ಯಾಸವೊಂದನ್ನೇ ಮಾಡಿ. ಎರಡನೆಯ ವಾರ ದಿನಕ್ಕೊಂದು ಸೊಪ್ಪು. ಮೂರನೆಯ ವಾರ ದಿನಕ್ಕೊಂದು ಹೊತ್ತು ರಾಗಿ. ಕಾಳು ಹೊಟ್ಟೆಯನ್ನು ಉಬ್ಬರಿಸಿದರೆ ಅದನ್ನು ಬಿಡಬೇಡಿ. ನೆನೆದ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿ, ಬೆಳ್ಳುಳ್ಳಿ-ಇಂಗು ಕೂಡಿಸಿ, ಪ್ರಮಾಣವನ್ನು ಮೆಲ್ಲಗೆ ಏರಿಸಿ.

ಎರಡನೆಯದಾಗಿ, ಒಂದು ಭಾನುವಾರವನ್ನು ಅಜ್ಜಿಯ ಬಳಿ ಕಳೆಯಿರಿ. ಅಣ್ಣೆಸೊಪ್ಪು ಯಾವುದು, ಹೊನಗೊನ್ನೆ ಯಾವುದು, ಗೋಣಿಸೊಪ್ಪು ಯಾವುದು, ಯಾವುದನ್ನು ಯಾವುದರ ಜೊತೆಗೆ ಬೆರೆಸಬಹುದೆಂಬುದನ್ನು ಹೊಲದಲ್ಲಿ ನಿಂತು ಕೇಳಿ ತಿಳಿಯಿರಿ. ಈ ಮಳೆಗಾಲದಲ್ಲಿ ಅವು ಬದುವಿನ ಮೇಲೆ ಕಾಸಿಲ್ಲದೆ ದೊರೆಯುತ್ತವೆ. ಆದರೆ ಕಳೆನಾಶಕವನ್ನು ಹೊಡೆದ ಹೊಲದಿಂದ ಕೀಳಬೇಡಿ. ಆ ಅಜ್ಜಿಯರು ಇರುವವರೆಗೆ ಮಾತ್ರ ಆ ವಿದ್ಯೆಗೆ ಪಾಠಶಾಲೆಯುಂಟು.

ಮೂರನೆಯದಾಗಿ, ಮಾಂಸವಿಲ್ಲದ್ದೆಲ್ಲ ಸಾತ್ವಿಕವೆಂದು ನಂಬಬೇಡಿ. ಬೇಕರಿಯ ಪಫ್ಫೂ ಸಸ್ಯಾಹಾರವೇ. ಸಂಜೆಯ ಬೋಂಡವೂ, ಗೋಬಿ ಮಂಚೂರಿಯೂ ಸಸ್ಯಾಹಾರವೇ. ಆ ಗೋಬಿಗೆ ಕೃತಕ ಬಣ್ಣವನ್ನು ಹಾಕಕೂಡದೆಂದು 2024ರ ಮಾರ್ಚಿನಲ್ಲಿ ಸರ್ಕಾರವೇ ಅಪ್ಪಣೆ ಹೊರಡಿಸಬೇಕಾಯಿತು. ಬಣ್ಣವು ಚನ್ನಪಟ್ಟಣದ ಗೊಂಬೆಗೆ ಭೂಷಣ, ತುತ್ತಿಗಲ್ಲ.

ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ರಕ್ತವನ್ನು ಪರೀಕ್ಷಿಸಿಕೊಳ್ಳಿ. ಹಿಮೋಗ್ಲೋಬಿನ್ ಮತ್ತು ಬಿ12 ಎರಡನ್ನೂ ನೋಡುವಂತೆ ಬಾಯಿಬಿಟ್ಟು ಕೇಳಿ. ನೀವು ಮಾಂಸವನ್ನು ಬಿಟ್ಟಿರುವ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ. ಬಸಿರಿಯಾಗಿರುವ ಹೆಣ್ಣುಮಕ್ಕಳು ಸ್ವಂತ ಬುದ್ಧಿಯಿಂದ ಯಾವ ಆಹಾರವನ್ನೂ ಬಿಡದೆ, ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

ಐದನೆಯ ಕೋರಿಕೆಯು ಊಟದ್ದಲ್ಲ, ಮಾತಿನದು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯ ಮುಂದಿನ ಅರ್ಧವು ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದಷ್ಟೆ. ಹೊಸ ಸಸ್ಯಾಹಾರಿಗಳು ಮೊದಲ ಅರ್ಧವನ್ನು ಕಲಿಯುವುದಕ್ಕೆ ಮುಂಚೆಯೇ ಎರಡನೆಯ ಅರ್ಧವನ್ನು ಮರೆತುಬಿಡುವುದುಂಟು. ಹೊಸತೊಡಕಿನ ದಿನ ಅಣ್ಣತಮ್ಮಂದಿರು ಕುಳಿತ ಪಂಕ್ತಿಯಲ್ಲಿ ಮೂಗು ಮುಚ್ಚಿಕೊಳ್ಳಬೇಡಿ. ಪಿತೃಪಕ್ಷದಲ್ಲಿ ಹಿರಿಯರಿಗೆ ಇಡುವ ಎಡೆಯನ್ನು ಹೀನೈಸಬೇಡಿ. ಅದರಲ್ಲಿರುವುದು ಅಗಲಿದವರ ಮೇಲಿನ ಪ್ರೀತಿ. ಆಹಾರದಿಂದ ಮನುಷ್ಯನ ಮೇಲುಕೀಳನ್ನು ಅಳೆಯುವ ರೋಗವು ನಮ್ಮ ಸಮಾಜದಲ್ಲಿ ಹಳೆಯದು. ನಿಮ್ಮ ತಟ್ಟೆಯು ಅದಕ್ಕೆ ಇನ್ನೊಂದು ಅಳತೆಗೋಲಾಗದಿರಲಿ. ನಿಮಗಾಗಿ ಬೇರೆ ಪಾತ್ರೆಯನ್ನು ಒಲೆಗೆ ಏರಿಸುವ ತಾಯಿಗೆ ಅದು ಇನ್ನೊಂದು ದುಡಿಮೆಯೆಂಬುದನ್ನು ಮರೆಯದೆ, ಸೊಪ್ಪು ಬಿಡಿಸುವುದನ್ನೂ ಕಾಳು ಹಸನುಮಾಡುವುದನ್ನೂ, ಗಂಡುಮಕ್ಕಳಾದ ನೀವೂ, ನಿಮ್ಮ ಕೈಗೆ ತೆಗೆದುಕೊಳ್ಳಿ.

ನಿಮ್ಮ ತಂದೆತಾಯಂದಿರ ಕಣ್ಣಿಗೆ ಈ ಪತ್ರ ಬಿದ್ದರೆ ಅವರಿಗೂ ಒಂದು ಮಾತು: ಮಗನೋ ಮಗಳೋ ಬಾಡು ಒಲ್ಲೆನೆಂದರೆ ಬಯ್ದು ಬಲವಂತಪಡಿಸಬೇಡಿ, “ಹಾಗಾದರೆ ಅನ್ನ-ಮೊಸರು ತಿಂದುಕೊಂಡಿರು” ಎಂದು ಕೈಬಿಡಲೂ ಬೇಡಿ. ರಾಗಿಯ ನಡುವೆ ಎರಡು ಅಕ್ಕಡಿ ಸಾಲನ್ನು ಬಿಡಿ. ಡೈರಿಯ ಕ್ಯಾನಿಗೆ ಹಾಲನ್ನು ಸುರಿಯುವ ಮುಂಚೆ ಒಂದು ಚೆಂಬನ್ನು ಪಕ್ಕಕ್ಕಿಡಿ. ಅದರಿಂದ ಮಾಂಸ ತಿನ್ನುವ ಮಕ್ಕಳಿಗೂ ಕಡಮೆ ಪ್ರಯೋಜನವಿಲ್ಲ.

ನನ್ನ ತಾಯಿ ತೀರಿಕೊಂಡು ಹನ್ನೊಂದು ವರ್ಷಗಳಾದುವು. ಆಕೆ ಕೊನೆಯವರೆಗೂ ಹೊಸತೊಡಕಿನ ಊಟವನ್ನು ಸಂತೋಷದಿಂದ ಉಂಡರು. ಕೊನೆಯವರೆಗೂ ಆ ದಿನ ನನಗೆಂದು ಹಿತಕಿದ ಬೇಳೆಯ ಸಾರನ್ನು ಬೇರೆಯಾಗಿ ಮಾಡಿದರು. ಯುಗಾದಿಗೆ ಹಸಿ ಅವರೆ ಎಲ್ಲಿಯದು? ಮಾಗಿಯಲ್ಲಿಯೇ ಹಿತಕಿ ಒಣಗಿಸಿದ ಬೇಳೆಯನ್ನು ಮಡಕೆಯಲ್ಲಿ ಕಾದಿಟ್ಟಿರುತ್ತಿದ್ದರು. ಇಬ್ಬರೂ ಎದುರೆದುರು ಕುಳಿತು, ಒಂದೇ ತಪಲೆಯ ಮುದ್ದೆಯನ್ನು ಮುರಿದು, ಅವರವರ ಸಾರಿನಲ್ಲಿ ಅದ್ದಿ ಉಂಡೆವು. ಈ ಸಂಜೆ ನಿಮ್ಮ ಮನೆಯಲ್ಲಿಯೂ ಒಂದು ಹಿಡಿ ಹುರುಳಿಯು ನೀರಿನಲ್ಲಿ ನೆನೆಯಲಿ.

ಇತಿ ನಿಮ್ಮ ಹಿತಚಿಂತಕ,
ಮಾಗಡಿ ಸೀಮೆಯ ಒಬ್ಬ ನಿವೃತ್ತ ಉಪಾಧ್ಯಾಯ